ಗಾಡಿಯ ಹಿಂದೆ ಬರೆದದ್ದು

ಡಿಪೋದಲ್ಲಿ ಅವಳಿಗೆ ಬ್ರೇಕಮ್ಮ ಎಂಬ ಹೆಸರು ಬಿದ್ದು ಹದಿನೈದು ವರ್ಷದ ಮೇಲಾಗಿತ್ತು. ಅವಳು ಓಡಿಸುವ ಬಸ್ಸಿನಲ್ಲಿ ನಿಂತವರು ಕಂಬಿ ಹಿಡಿಯದಿದ್ದರೂ ಮುಗ್ಗರಿಸುತ್ತಿರಲಿಲ್ಲ, ಅಷ್ಟು ಹದವಾಗಿ ನಿಲ್ಲಿಸುತ್ತಿದ್ದಳು. ಹೊಸದಾಗಿ ಕೆಲಸಕ್ಕೆ ಸೇರಿದ ಚಾಲಕರನ್ನು ಒಂದು ವಾರ ಅವಳ ಪಕ್ಕ ಕೂರಿಸಿ, "ಆಯಮ್ಮನ ಕಾಲು ನೋಡ್ಕೊಂಡು ಕಲೀರಪ್ಪ" ಎನ್ನುತ್ತಿದ್ದರು. ಮನೆಯಲ್ಲಿ ಗಂಡ ಮಾತ್ರ ಬೇರೆ ಥರ ಹೇಳುತ್ತಿದ್ದ: "ಇರೋ ಬ್ರೇಕೆಲ್ಲಾ ಕಾಲಲ್ಲೇ ಖರ್ಚಾಗಿ ಹೋಯ್ತು. ಬಾಯಿಗೆ ಉಳೀಲಿಲ್ಲ."

ಗಂಡ ದರ್ಜಿ. ಮನೆಯ ಮುಂದಿನ ಕೋಣೆಯಲ್ಲಿ ಎರಡು ಹೊಲಿಗೆ ಮಿಷನ್ನು ಇಟ್ಟುಕೊಂಡು ಶಾಲೆ ಮಕ್ಕಳ ಸಮವಸ್ತ್ರ ಹೊಲಿಯುತ್ತಿದ್ದ. ಇವರಿಬ್ಬರ ಜೊತೆ ಮನೆಯಲ್ಲಿ ಇನ್ನೊಬ್ಬಳಿದ್ದಳು, ಬ್ರೇಕಮ್ಮನ ಅಕ್ಕನ ಮಗಳು. ಅಕ್ಕ ಕಾಯಿಲೆಯಲ್ಲಿ ತೀರಿಕೊಂಡಾಗ ಹುಡುಗಿಗೆ ಎಂಟು ವರ್ಷ. ಒಂದು ಚೀಲ ಬಟ್ಟೆ ಹಿಡಿದು ಈ ಮನೆಯ ಹೊಸ್ತಿಲು ದಾಟಿದವಳು, ದಾಟುವಾಗಲೇ ಮಾತು ಶುರುಮಾಡಿದ್ದಳು. ದಾರಿಯಲ್ಲಿ ಕಂಡ ಕುಂಟು ನಾಯಿ, ಅಮ್ಮನ ಆಸ್ಪತ್ರೆಯ ಹಾಸಿಗೆಯ ನಂಬರು, ಚಿಕ್ಕಪ್ಪನ ಕಿವಿಯ ಮೇಲಿನ ಪೆನ್ಸಿಲ್ಲು, ಎಲ್ಲದರ ಬಗ್ಗೆಯೂ ಅವಳಿಗೆ ಹೇಳುವುದಿತ್ತು. ದರ್ಜಿ ಅವಳಿಗೆ ರೇಡಿಯೋ ಎಂದು ಹೆಸರಿಟ್ಟ. ಮಿಷನ್ನಿನ ಸದ್ದಿಗಿಂತ ಮೇಲೆ ಅವಳ ಸದ್ದು ಕೇಳುತ್ತಿದ್ದರೆ ಮನೆ ಮನೆಯಂತಿರುತ್ತಿತ್ತು.

ಹದಿನೇಳು ತುಂಬಿದ ವರ್ಷ ಆ ರೇಡಿಯೋ ನಿಂತುಹೋಯಿತು.

ಒಂದೇ ಸಲ ನಿಲ್ಲಲಿಲ್ಲ. ಮೊದಲು ಊಟದ ಹೊತ್ತಿನ ಮಾತು ಕಡಿಮೆಯಾಯಿತು. ದೊಡ್ಡವಳಾಗುತ್ತಿದ್ದಾಳೆ ಎಂದುಕೊಂಡರು. ಆಮೇಲೆ ಶಾಲೆಗೆ ಹೋಗುವುದು ವಾರಕ್ಕೆ ಮೂರು ದಿನವಾಯಿತು, ಎರಡಾಯಿತು. ಕೇಳಿದರೆ "ಏನಿಲ್ಲ" ಎನ್ನುತ್ತಿದ್ದಳು. ಆ "ಏನಿಲ್ಲ"ವೂ ಕೊನೆಕೊನೆಗೆ ಬರೀ ತಲೆಯಾಡಿಸುವುದಾಯಿತು. ಮೂರು ದಿನ ಅದೇ ಬಟ್ಟೆ, ಸಿಕ್ಕುಗಟ್ಟಿದ ಕೂದಲು, ಗೋಡೆ ಕಡೆ ಮುಖ. ಒಂದು ಮಧ್ಯಾಹ್ನ ಹೊದಿಕೆ ಬದಲಾಯಿಸಲು ಹೋದ ದರ್ಜಿ ಅವಳ ತೋಳಿನ ಒಳಬದಿಯಲ್ಲಿ ಸಾಲಾಗಿ ಗೀರುಗಳನ್ನು ಕಂಡ. ಹಳೆಯವು ಕೆಲವು, ಹೊಸವು ಕೆಲವು. ಅವನು ಕೂಗಲಿಲ್ಲ, ಬೈಯಲಿಲ್ಲ. ಮುಂದಿನ ಕೋಣೆಗೆ ಬಂದು, ಕತ್ತರಿ, ಬ್ಲೇಡು, ಹೊಲಿಗೆ ಬಿಚ್ಚುವ ಉಪಕರಣ ಎಲ್ಲವನ್ನೂ ಒಂದು ತಗಡಿನ ಪೆಟ್ಟಿಗೆಗೆ ಹಾಕಿ ಬೀಗ ಹಾಕಿದ. ಬೀಗದ ಕೈ ಕುತ್ತಿಗೆಗೆ ನೇತುಹಾಕಿಕೊಂಡು ಹೆಂಡತಿಗೆ ಫೋನು ಮಾಡಿದ.

"ಬೇಗ ಬಾ ಕಣೆ" ಎಂದ ಅಷ್ಟೇ.

ಬಡಾವಣೆಯ ಕ್ಲಿನಿಕ್ಕಿನ ಡಾಕ್ಟರು ಗಾಯಕ್ಕೆ ಪಟ್ಟಿ ಕಟ್ಟಿ ಒಂದು ಚೀಟಿ ಬರೆದುಕೊಟ್ಟರು. ನಗರಸಭೆಯ ಯುವಜನ ಮನೋಬಲ ಕೇಂದ್ರಕ್ಕೆ ಹೋಗಿ, ತಡ ಮಾಡಬೇಡಿ ಎಂದರು. ಮಾರನೆಯ ದಿನವೇ ಬ್ರೇಕಮ್ಮ ಹುಡುಗಿಯ ಕೈಹಿಡಿದು ಹೊರಟಳು. ಕೇಂದ್ರ ಇದ್ದದ್ದು ವಾಚನಾಲಯದ ಮಹಡಿಯ ಮೇಲೆ. ನೀಲಿ ಅಕ್ಷರದ ದೊಡ್ಡ ಬೋರ್ಡು. ಉದ್ಘಾಟನೆ ಮಾಡಿದವರ ಹೆಸರು ಕೆತ್ತಿದ ಕಲ್ಲು. ಬಾಗಿಲಿಗೆ ಬೀಗ. ಗಾಜಿನಿಂದ ಇಣುಕಿದರೆ ಒಳಗೆ ಒಂದು ಸೋಫಾ ಕಾಣುತ್ತಿತ್ತು. ಅದಕ್ಕೆ ಹೊದಿಸಿದ ಪ್ಲಾಸ್ಟಿಕ್ಕನ್ನು ಇನ್ನೂ ಯಾರೂ ತೆಗೆದಿರಲಿಲ್ಲ.

ಕೆಳಗೆ ವಾಚನಾಲಯದ ಕಾವಲುಗಾರ ಒಂದು ರಿಜಿಸ್ಟರು ತಂದ. "ಹೆಸರು ಬರೆಸಿ ಹೋಗಿ, ಕಾಗದ ಬರುತ್ತೆ."

"ಡಾಕ್ಟರು ಎಲ್ಲಿ?"

"ಡಾಕ್ಟರಲ್ಲ, ಸಮಾಲೋಚಕಿ ಅಂತ ಒಬ್ಬರು ಮೇಡಂ ಇದ್ರು. ಎರಡು ತಿಂಗಳಿಂದ ಬರ್ತಾ ಇಲ್ಲ."

ಅವನು ಹೆಸರು ಬರೆದು, ಪಕ್ಕದಲ್ಲಿ ಕ್ರಮಸಂಖ್ಯೆ ಹಾಕಿದ. ಇನ್ನೂರ ಹನ್ನೆರಡು.

"ಈಗ ಎಷ್ಟನೇ ನಂಬರು ನಡೀತಿದೆ?"

ಕಾವಲುಗಾರ ಹಾಳೆ ಮಗುಚಿದ. "ನಲವತ್ತಾರಕ್ಕೆ ನಿಂತಿದೆ ಅಮ್ಮ."

ಅವಳು ಬಾಯಿ ತೆರೆದಳು. ಹುಡುಗಿ ಅವಳ ಸೆರಗನ್ನು ಮೆಲ್ಲಗೆ ಎಳೆದಳು. ಮನೆಗೆ ಹೋಗೋಣ ಎಂಬ ಹಾಗೆ. ಅವಳು ಬಾಯಿ ಮುಚ್ಚಿಕೊಂಡು ಮೆಟ್ಟಿಲಿಳಿದಳು.

ಅಂದಿನಿಂದ ಹುಡುಗಿಯನ್ನು ಒಬ್ಬಳೇ ಬಿಡಲು ಅವಳಿಗೆ ಧೈರ್ಯ ಬರಲಿಲ್ಲ. ದರ್ಜಿ ಮನೆಯಲ್ಲಿದ್ದಷ್ಟು ಹೊತ್ತು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ನೋಡಿಕೊಳ್ಳುತ್ತಿದ್ದ. ಆದರೆ ಅವನಿಗೂ ಬಟ್ಟೆ ತರಲು, ಕೊಡಲು ಶಾಲೆಯಿಂದ ಶಾಲೆಗೆ ಅಲೆಯುವುದಿತ್ತು. ಹಾಗಾಗಿ ಬ್ರೇಕಮ್ಮ ಅವಳನ್ನು ಬಸ್ಸಿಗೇ ಕರೆತಂದಳು. ತನ್ನ ಸೀಟಿನ ಹಿಂದಿನ ಒಂಟಿ ಸೀಟಿನಲ್ಲಿ ಕೂರಿಸಿದಳು. ಹದಿನೇಳನೇ ನಂಬರಿನ ಮಾರ್ಗ, ದಿನಕ್ಕೆ ಒಂಬತ್ತು ಸುತ್ತು. ಹುಡುಗಿ ಕಿಟಕಿಗೆ ಹಣೆ ಆನಿಸಿ ಕೂರುತ್ತಿದ್ದಳು. ಸಿಗ್ನಲ್ಲು ಬಿದ್ದಾಗಲೆಲ್ಲ ಚಿಕ್ಕಮ್ಮ ಕನ್ನಡಿಯಲ್ಲಿ ಆ ಹಣೆಯನ್ನು ನೋಡಿಕೊಳ್ಳುತ್ತಿದ್ದಳು. ಕೇಂದ್ರದ ಫೋನು ನಂಬರಿಗೆ ಬಿಡುವು ಸಿಕ್ಕಾಗಲೆಲ್ಲ ಕರೆ ಮಾಡುತ್ತಿದ್ದಳು. ಪ್ರತಿಸಲವೂ ರೆಕಾರ್ಡ್ ಮಾಡಿಟ್ಟ ಒಂದು ಇಂಪಾದ ಹೆಣ್ಣುದನಿ: "ನಿಮ್ಮ ನೋವು ನಮಗೆ ಮುಖ್ಯ. ದಯವಿಟ್ಟು ಕಾಯಿರಿ." ಆಮೇಲೆ ಕೊಳಲಿನ ಸಂಗೀತ. ಆಮೇಲೆ ಕಟ್.

ನಾಲ್ಕನೆಯ ದಿನ, ಕೊನೆಯ ನಿಲ್ದಾಣದಲ್ಲಿ ಬಸ್ಸು ಹತ್ತು ನಿಮಿಷ ನಿಂತಿದ್ದಾಗ, ಹುಡುಗಿ ಇಳಿದು ಕಾಲಾಡಿಸಿಕೊಂಡು ಬಂದಳು. ಬಂದವಳು ಸೀಟಿನಲ್ಲಿ ಕೂರಲಿಲ್ಲ.

"ಚಿಕ್ಕಮ್ಮ, ಆ ನಂಬರು ನಿನ್ನ ಬಸ್ಸಿನ ಹಿಂದೆ ಬರೆದಿದೆ" ಎಂದಳು.

ವಾರದಲ್ಲಿ ಅವಳ ಬಾಯಿಂದ ಬಂದ ಮೊದಲ ಪೂರ್ತಿ ವಾಕ್ಯ ಅದು.

ಬಸ್ಸು ಓಡಿಸುವವರು ಬಸ್ಸಿನ ಬೆನ್ನು ನೋಡುವುದು ಅಪರೂಪ. ದೀಪ ಉರಿಯುತ್ತದೋ ಇಲ್ಲವೋ ನೋಡುತ್ತಾರೆ, ಜಾಹೀರಾತು ಯಾರೂ ಓದುವುದಿಲ್ಲ. ಬ್ರೇಕಮ್ಮ ಹಿಂದಕ್ಕೆ ಹೋಗಿ ನಿಂತು ಓದಿದಳು. ಹಲ್ಲು ಕಾಣುವಂತೆ ನಗುವ ಮೂವರು ಹುಡುಗರು, ಇಬ್ಬರು ಹುಡುಗಿಯರು. ಮೇಲೆ ಗೇಣುದ್ದದ ಅಕ್ಷರ: 'ಒಬ್ಬರೇ ನರಳಬೇಡಿ. ನಾವಿದ್ದೇವೆ. ಇಂದೇ ಬನ್ನಿ.' ಕೆಳಗೆ ಕೇಂದ್ರದ ವಿಳಾಸ, ಆ ಕೊಳಲಿನ ಫೋನು ನಂಬರು, ನಗರಸಭೆಯ ಮುದ್ರೆ. ಅಂಟಿಸಿ ಮೂರು ತಿಂಗಳಾಗಿತ್ತು.

ಅದರಲ್ಲಿ ಎರಡು ತಿಂಗಳು, ದಿನಕ್ಕೆ ಒಂಬತ್ತು ಸುತ್ತು. ಬೀಗ ಹಾಕಿದ ಬಾಗಿಲಿಗೆ ಬನ್ನಿ ಬನ್ನಿ ಎಂದು ಊರೆಲ್ಲಾ ಕರೆದುಕೊಂಡು ತಿರುಗಿದವಳು ತಾನೇ. ಅಂಗೈಯಿಂದ ಆ ಅಕ್ಷರಗಳನ್ನು ಒರೆಸುವವಳ ಹಾಗೆ ಒಮ್ಮೆ ಉಜ್ಜಿದಳು. ಧೂಳು ಹೋಗಿ ಅಕ್ಷರ ಇನ್ನಷ್ಟು ಫಳಫಳ ಹೊಳೆಯಿತು.

ಸಮಾಲೋಚಕಿ ಎಲ್ಲಿದ್ದಾರೆಂದು ಪತ್ತೆ ಹಚ್ಚಲು ಎರಡು ದಿನ ಹಿಡಿಯಿತು. ನಗರಸಭೆ ಕಚೇರಿಯಲ್ಲಿ ಆರೋಗ್ಯ ವಿಭಾಗದವರು ಸಿಬ್ಬಂದಿ ವಿಭಾಗಕ್ಕೆ ಕಳಿಸಿದರು, ಸಿಬ್ಬಂದಿ ವಿಭಾಗದವರು ಊಟಕ್ಕೆ ಹೋಗಿದ್ದರು. ಕೊನೆಗೆ ಕಸ ಗುಡಿಸುವ ಹೆಂಗಸು, "ಮೂಲೇಲಿರೋ ಆರನೇ ಕೌಂಟರ್ ನೋಡಿ" ಎಂದಳು. ಆರನೇ ಕೌಂಟರಿನ ಮೇಲೆ 'ಸಾಕುನಾಯಿ ಪರವಾನಗಿ' ಎಂದು ಬರೆದಿತ್ತು. ಗಾಜಿನ ಹಿಂದೆ ಮೂವತ್ತರ ಆಸುಪಾಸಿನ ಹೆಂಗಸೊಬ್ಬಳು ಅರ್ಜಿಗಳ ಮೇಲೆ ಠಸ್ಸೆ ಒತ್ತುತ್ತಿದ್ದಳು. ಬ್ರೇಕಮ್ಮ ಟೋಕನ್ನು ತೆಗೆದುಕೊಂಡು, ಹನ್ನೊಂದು ನಾಯಿಗಳ ಯಜಮಾನರ ಹಿಂದೆ ನಿಂತು, ತನ್ನ ಸರದಿ ಬಂದಾಗ ಬಗ್ಗಿ ಕೇಳಿದಳು.

"ಮಕ್ಕಳ ಮನಸ್ಸು ನೋಡೋ ಮೇಡಂ ನೀವೇನಾ?"

ಠಸ್ಸೆ ಗಾಳಿಯಲ್ಲೇ ನಿಂತಿತು. "ಹೌದು" ಎಂದಳು ಆಕೆ. ತಪ್ಪು ಒಪ್ಪಿಕೊಳ್ಳುವವಳ ದನಿಯಲ್ಲಿ.

"ಮತ್ತೆ ನಾಯಿಗೆ ಸೀಲು ಹೊಡ್ಕೊಂಡು ಕೂತಿದ್ದೀರಲ್ಲ."

"ಇಲ್ಲಿ ಜನ ಸಾಲ್ತಿಲ್ಲ ಅಂತ ಹಾಕಿದ್ದಾರೆ. ಹದಿನೈದು ದಿನ ಅಂದ್ರು. ಎರಡು ತಿಂಗಳಾಯ್ತು. ನಾಲ್ಕು ಸಲ ಬರೆದುಕೊಟ್ಟೆ ಅಮ್ಮ. ನಾಯಿ ಕೌಂಟರ್ ಮುಚ್ಚಿದ್ರೆ ಜನ ಗಲಾಟೆ ಮಾಡ್ತಾರಂತೆ. ಕೇಂದ್ರ ಮುಚ್ಚಿದ್ರೆ ಯಾರೂ ಕೇಳಲ್ಲವಂತೆ. ಹಾಗಂತ ಬಾಯಿಬಿಟ್ಟೇ ಹೇಳಿದ್ರು."

ಅದು ನಿಜವೆಂಬುದೇ ಬ್ರೇಕಮ್ಮನಿಗೆ ಹೆಚ್ಚು ಉರಿ ಹತ್ತಿಸಿತು. ಇಂಥ ಮನೆಗಳವರು ಗಲಾಟೆ ಮಾಡುವುದಿಲ್ಲ. ಬಾಗಿಲು ಹಾಕಿಕೊಂಡು, ನೆಂಟರು ಕೇಳಿದರೆ ಹುಡುಗಿಗೆ ತಲೆನೋವು ಎನ್ನುತ್ತಾರೆ. ತಾನೂ ಹಾಗೇ ಅಂದಿದ್ದಳು, ಹೋದ ವಾರವಷ್ಟೇ, ಪಕ್ಕದ ಮನೆಯವರಿಗೆ.

ಅವಳು ತಗ್ಗಿದ ದನಿಯಲ್ಲಿ ಹುಡುಗಿಯ ವಿಷಯ ಹೇಳಿದಳು. ಹಿಂದೆ ಸಾಲಿನಲ್ಲಿದ್ದವರು ಗೊಣಗತೊಡಗಿದರು. ಸಮಾಲೋಚಕಿ ಎಲ್ಲ ಕೇಳಿ, ಒಂದು ನಾಯಿ ಅರ್ಜಿಯ ಬೆನ್ನ ಮೇಲೆ ಏನೋ ಗೀಚಿ ಗಾಜಿನ ಕೆಳಗಿಂದ ತಳ್ಳಿದಳು. 'ನಾಳೆ ಒಂದೂವರೆ. ಕಟ್ಟಡದ ಹಿಂದಿನ ಮೆಟ್ಟಿಲು. ಕರೆದುಕೊಂಡು ಬನ್ನಿ.' ಅದು ಆಕೆಯ ಊಟದ ವೇಳೆ.

ಮಾರನೆಯ ದಿನದಿಂದ ಮಧ್ಯಾಹ್ನದ ಬಿಡುವಿನಲ್ಲಿ ರೇಡಿಯೋ ಆ ಮೆಟ್ಟಿಲ ಮೇಲೆ ಸಮಾಲೋಚಕಿಯ ಪಕ್ಕ ಅರ್ಧಗಂಟೆ ಕೂತಳು. ಮೊದಲ ಎರಡು ದಿನ ಮಾತಾಡಲಿಲ್ಲ. ಮೂರನೆಯ ದಿನ ಅತ್ತಳು. ಅತ್ತದ್ದು ಒಳ್ಳೆಯದು ಎಂದಳು ಆಕೆ. ದೂರದಲ್ಲಿ, ಒಡೆದ ಕುರ್ಚಿಗಳ ರಾಶಿಯ ಹತ್ತಿರ ನಿಂತು ನೋಡುತ್ತಿದ್ದ ಬ್ರೇಕಮ್ಮನಿಗೆ ನೆಮ್ಮದಿಯೂ ಆಯಿತು, ಮೈಯೂ ಉರಿಯಿತು. ಪ್ಲಾಸ್ಟಿಕ್ಕು ತೆಗೆಯದ ಸೋಫಾ ಅಲ್ಲಿ ಬೀಗದೊಳಗೆ ಕೂತಿದೆ. ಇಲ್ಲಿ ಮಗು ಕದ್ದ ಮಾಲಿನ ಹಾಗೆ ಮೆಟ್ಟಿಲ ಮೂಲೆಯಲ್ಲಿ ಕೂತು ಅಳಬೇಕು. ಯಾರಾದರೂ ಮೇಲಿನವರು ಬಂದರೆ ಇಬ್ಬರೂ ಎದ್ದು ನಿಲ್ಲಬೇಕು.

ಐದನೆಯ ದಿನ ಬೆಳಗಿನ ಐದೂವರೆಗೆ ಅವಳು ಡಿಪೋದಲ್ಲಿ ಲಾಗ್‌ಶೀಟು ತೆಗೆದುಕೊಂಡಳು. ಗಾಡಿ ಹೊರಡುವ ಮುಂಚೆ ಚಾಲಕರು ತುಂಬಬೇಕಾದ ಹಾಳೆ ಅದು. ಬ್ರೇಕು, ಸ್ಟೇರಿಂಗು, ಟೈರು, ದೀಪ, ವೈಪರು, ಬಾಗಿಲು, ಒಂದೊಂದರ ಎದುರೂ ಸರಿಯಿದೆ ಅಥವಾ ದೋಷವಿದೆ ಎಂದು ಗುರುತು ಹಾಕಬೇಕು. ದೋಷ ಬರೆದರೆ, ವರ್ಕ್‌ಶಾಪಿನ ಮೇಸ್ತ್ರಿ ನೋಡಿ 'ಪರಿಶೀಲಿಸಿದೆ, ಸರಿಯಿದೆ' ಎಂದು ಸಹಿ ಹಾಕುವವರೆಗೆ ಗಾಡಿ ಗೇಟು ದಾಟುವಂತಿಲ್ಲ. ಹಿಂದೊಮ್ಮೆ ದೊಡ್ಡ ಅಪಘಾತವಾದ ಮೇಲೆ ಮಾಡಿದ ನಿಯಮ, ಯಾರೂ ಮುರಿಯುತ್ತಿರಲಿಲ್ಲ. ಬ್ರೇಕಮ್ಮ ಎಲ್ಲದರ ಎದುರೂ 'ಸರಿಯಿದೆ' ಎಂದು ಹಾಕಿದಳು. ಕೊನೆಯಲ್ಲಿ 'ಇತರೆ' ಎಂಬ ಸಾಲಿತ್ತು. ಹತ್ತೊಂಬತ್ತು ವರ್ಷದಲ್ಲಿ ಅಲ್ಲಿ ಅವಳು ಏನೂ ಬರೆದಿರಲಿಲ್ಲ. ಇವತ್ತು ಬರೆದಳು: 'ಗಾಡಿಯ ಹಿಂದೆ ಬರೆದದ್ದು ಸುಳ್ಳು. ನಂಬಿದವರಿಗೆ ಅಪಾಯ.'

ಡಿಪೋ ಮ್ಯಾನೇಜರು ಹಾಳೆ ಓದಿ ಕನ್ನಡಕ ತೆಗೆದ, ಮತ್ತೆ ಹಾಕಿಕೊಂಡ.

"ಏನಮ್ಮ ಇದು, ತಮಾಷೆನಾ?"

"ಅಲ್ಲ ಸಾರ್. ದೋಷ. ಬರೆದಿದ್ದೀನಿ."

"ಇದು ಗಾಡಿ ದೋಷ ಅಲ್ಲ."

"ಗಾಡಿ ಮೇಲೇ ಇದೆಯಲ್ಲ ಸಾರ್. ವೈಪರ್ ಕೆಟ್ಟಿದ್ರೆ ಬರೀ ಅಂತೀರ. ಅದರಿಂದ ಯಾರೂ ಸತ್ತಿಲ್ಲ."

ಮ್ಯಾನೇಜರು ಕೆಟ್ಟವನಲ್ಲ, ಆದರೆ ಹೊರಗೆ ಇಪ್ಪತ್ತೆರಡು ಬಸ್ಸುಗಳು ಹೊರಡಬೇಕಿತ್ತು. ಅವನು ಮೇಸ್ತ್ರಿಯನ್ನು ಕೂಗಿದ. ಮೇಸ್ತ್ರಿ ಎಂದರೆ ಐವತ್ತೆಂಟರ ಮನುಷ್ಯ, ತುಟಿ ಪಿಟಕ್ಕೆನ್ನದೆ ದಿನವಿಡೀ ಗಾಡಿಗಳ ಕೆಳಗೆ ಮಲಗಿರುವವನು. ಒಂಬತ್ತು ತಿಂಗಳ ಹಿಂದೆ ಅವನ ಹತ್ತೊಂಬತ್ತರ ಮಗ ತೀರಿಕೊಂಡಿದ್ದ. ಜ್ವರ ಎಂದಿದ್ದ. ಡಿಪೋದವರೆಲ್ಲ ಮಣ್ಣಿಗೆ ಹೋಗಿ ಬಂದಿದ್ದರು, ಹೆಚ್ಚು ಕೇಳಿರಲಿಲ್ಲ.

"ಸರಿಯಿದೆ ಅಂತ ಒಂದು ಸಹಿ ಹಾಕಿ ಕೊಡಿ ಮೇಸ್ತ್ರಿ, ಗಾಡಿ ಹೋಗ್ಲಿ" ಎಂದ ಮ್ಯಾನೇಜರು.

ಮೇಸ್ತ್ರಿ ಕೈಯ ಜಿಡ್ಡನ್ನು ಬಟ್ಟೆಗೆ ಒರೆಸಿಕೊಂಡು ಹಾಳೆ ಓದಿದ. ಎದ್ದು ಹೋಗಿ ಬಸ್ಸಿನ ಹಿಂದೆ ನಿಂತು ಅದನ್ನೂ ಓದಿದ. ಟೈರು ನೋಡುವಷ್ಟೇ ನಿಧಾನವಾಗಿ ನೋಡಿದ. ತಿರುಗಿ ಬಂದು ಪೆನ್ನನ್ನು ಮೇಜಿನ ಮೇಲಿಟ್ಟ.

"ಇದು ಸರಿಯಿಲ್ಲ ಸಾರ್. ನಾನು ಸಹಿ ಹಾಕಲ್ಲ."

"ನೀವೂ ಶುರು ಮಾಡಿದ್ರಾ?"

ಮೇಸ್ತ್ರಿ ತನ್ನ ಉಪಕರಣದ ಪೆಟ್ಟಿಗೆಯ ಕಡೆ ಹೋದ. ಸ್ಪ್ಯಾನರುಗಳ ತಟ್ಟೆ ಎತ್ತಿ, ಅದರ ಕೆಳಗಿಂದ ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಒಂದು ಕಾಗದ ತಂದು ಮ್ಯಾನೇಜರಿಗೆ ಕೊಟ್ಟ. ಮ್ಯಾನೇಜರು ಗಟ್ಟಿಯಾಗಿ ಓದತೊಡಗಿದ: "ಕ್ರಮಸಂಖ್ಯೆ ಮೂವತ್ತೆಂಟು. ನಿಮ್ಮ ಸರದಿ ಬಂದಿದೆ ಎಂದು ತಿಳಿಸಲು ಹರ್ಷಿಸುತ್ತೇವೆ. ನಿಗದಿತ ದಿನ ತಪ್ಪಿದಲ್ಲಿ ನಿಮ್ಮ ಹೆಸರನ್ನು ಪಟ್ಟಿಯ ಕೊನೆಗೆ..." ಅಲ್ಲಿಗೆ ಅವನ ದನಿ ನಿಂತಿತು. ಕಾಗದದ ಮೇಲಿನ ಹೆಸರನ್ನೂ ತಾರೀಕನ್ನೂ ನೋಡಿದ್ದ.

"ಅವನು ಹೋಗಿ ಐದು ತಿಂಗಳಾದ ಮೇಲೆ ಬಂತು" ಎಂದ ಮೇಸ್ತ್ರಿ. "ಜ್ವರ ಅಲ್ಲ ಸಾರ್ ಅದು."

ಬ್ರೇಕಮ್ಮನಿಗೆ ಅವನ ಮುಖ ನೋಡಲಾಗಲಿಲ್ಲ. ದಿನಾ ಬೆಳಗ್ಗೆ ಈ ಮನುಷ್ಯ ತನ್ನ ಗಾಡಿಯ ಕೆಳಗೆ ಮಲಗಿ ಎದ್ದುಬಂದು "ಹೋಗಿ ಬನ್ನಿ ತಾಯಿ" ಎನ್ನುತ್ತಿದ್ದ. ಆ ಮೂರು ತಿಂಗಳೂ ಆ ನಗುವ ಮುಖಗಳನ್ನು ಕಣ್ಣೆದುರೇ ನೋಡಿಕೊಂಡು.

ಆ ಬೆಳಗ್ಗೆ ಅದೇ ಜಾಹೀರಾತು ಹೊತ್ತ ಗಾಡಿಗಳ ಇನ್ನೂ ಏಳು ಚಾಲಕರು ಲಾಗ್‌ಶೀಟು ವಾಪಸು ಕೇಳಿ ತೆಗೆದುಕೊಂಡು, 'ಇತರೆ' ಎಂಬಲ್ಲಿ ಅದೇ ಮಾತು ಬರೆದರು. ಒಬ್ಬ ಕಾಗುಣಿತ ಕೇಳಿ ಬರೆದ. ಉಳಿದವರು ಬರೆಯಲಿಲ್ಲ, ಅವರಿಗೂ ಮನೆಮಠವಿತ್ತು. ಅವರನ್ನು ಬ್ರೇಕಮ್ಮ ದೂರಲಿಲ್ಲ. ಎಂಟು ಬಸ್ಸು ಸಾಲಾಗಿ ಗೇಟಿನೊಳಗೆ ನಿಂತವು. ಊರಿನ ನಿಲ್ದಾಣಗಳಲ್ಲಿ ಕೆಲಸಕ್ಕೆ ಹೋಗುವ ಜನ ಗಡಿಯಾರ ನೋಡಿಕೊಂಡು ಶಾಪ ಹಾಕಿದರು. ಅದು ಅವಳಿಗೂ ಗೊತ್ತಿತ್ತು, ಚುಚ್ಚುತ್ತಿತ್ತು.

ಒಂಬತ್ತು ಗಂಟೆಗೆ ನಗರಸಭೆಯ ಆರೋಗ್ಯ ಸಮಿತಿಯ ಅಧ್ಯಕ್ಷರು ಬಂದರು. ಇಸ್ತ್ರಿ ಮಾಡಿದ ಅಂಗಿ, ಇಸ್ತ್ರಿ ಮಾಡಿದ ನಗು. ಎಲ್ಲ ಕೇಳಿ, ಹೆಗಲ ಮೇಲೆ ಕೈ ಹಾಕಿದಷ್ಟು ಸಲಿಗೆಯಿಂದ ಅಂದರು: "ಇಷ್ಟೇ ತಾನೆ? ಕೀಳಿಸಿಬಿಡೋಣ."

ವರ್ಕ್‌ಶಾಪಿನಿಂದ ಬಿಸಿನೀರು, ಕೆರೆಯುವ ತಗಡು ಬಂತು. ಇಬ್ಬರು ಆಳುಗಳು ಬಸ್ಸುಗಳ ಬೆನ್ನಿನಿಂದ ಆ ಮಕ್ಕಳ ಮುಖಗಳನ್ನು ಪಟ್ಟಿಪಟ್ಟಿಯಾಗಿ ಕಿತ್ತು ನೆಲಕ್ಕೆ ಹಾಕತೊಡಗಿದರು. ಬ್ರೇಕಮ್ಮ ಒಂದು ಕ್ಷಣ ನಂಬಲಾಗದೆ ನಿಂತಳು. ಎರಡು ತಿಂಗಳು ಕದಲದ ನಗರಸಭೆ ಹತ್ತೇ ನಿಮಿಷದಲ್ಲಿ ಇಷ್ಟು ಚುರುಕಾಗಬಲ್ಲದು.

"ಸ್ವಾಮಿ" ಎಂದಳು. "ನಾನು ಕೀಳಿ ಅಂತ ಬರೀಲಿಲ್ಲ. ನಿಜ ಮಾಡಿ ಅಂತ ಬರೆದೆ."

"ಎಲ್ಲದಕ್ಕೂ ಒಂದು ಪ್ರಕ್ರಿಯೆ ಇದೆಯಮ್ಮ."

"ಕೀಳೋದಕ್ಕೆ ಇರಲಿಲ್ಲವಲ್ಲ."

ಅಧ್ಯಕ್ಷರ ನಗು ಸ್ವಲ್ಪ ಸುಕ್ಕಾಯಿತು. "ನೋಡಿ, ಈ ಕೇಂದ್ರ ಮಾಡಿದ್ದೇ ನಾವು. ಸುತ್ತಮುತ್ತ ಯಾವ ಊರಲ್ಲೂ ಇಲ್ಲ. ಮಾಡಿದವರಿಗೇ ಬೈದ್ರೆ ಹೇಗೆ?"

"ಬೋರ್ಡು ಮಾಡಿದ್ರಿ. ಕಲ್ಲು ಮಾಡಿದ್ರಿ. ಇದ್ದ ಒಬ್ಬ ಹೆಣ್ಣುಮಗಳನ್ನ ತಗೊಂಡು ಹೋಗಿ ನಾಯಿ ಕೌಂಟರಲ್ಲಿ ಕೂರಿಸಿದ್ರಿ. ನಾಯಿಗೆ ಲೈಸೆನ್ಸು ಒಂದು ವಾರ ತಡವಾದ್ರೆ ಏನಾಗುತ್ತೆ ಹೇಳಿ. ಇವರನ್ನ ಕೇಳಿ, ಮಗು ತಡವಾದ್ರೆ ಏನಾಗುತ್ತೆ ಅಂತ."

ಅವಳು ಮೇಸ್ತ್ರಿಯ ಕಡೆ ಕೈ ತೋರಿದಳು. ದನಿ ಏರಿಸಿರಲಿಲ್ಲ. ಏರಿಸಿದ್ದರೆ ಅಳು ಬಂದುಬಿಡುತ್ತಿತ್ತು, ಇವರೆದುರು ಅಳುವುದು ಅವಳಿಗೆ ಬೇಕಿರಲಿಲ್ಲ. ಮೇಸ್ತ್ರಿ ಕಾಗದ ಕೊಟ್ಟ. ಅಧ್ಯಕ್ಷರು ಓದಿ, ಅದನ್ನು ಮಡಚಿ ತಮ್ಮ ಜೇಬಿಗೆ ಹಾಕಿಕೊಳ್ಳಹೋದರು. "ಇದನ್ನ ನಾನು ವಿಚಾರಿಸ್ತೀನಿ."

"ಕೊಡಿ ಸಾರ್" ಎಂದ ಮೇಸ್ತ್ರಿ, ಕೈ ಚಾಚಿ. "ಅದರಲ್ಲಿ ನನ್ನ ಮಗನ ಹೆಸರಿದೆ."

ಬರಹ ಕಿತ್ತ ಮೇಲೆ ಬರೆಯಲು ದೋಷ ಉಳಿಯಲಿಲ್ಲ, ಎಂಟು ಬಸ್ಸೂ ಗೇಟು ದಾಟಿದವು. ಆ ದಿನ ಸಂಜೆಯೇ ಬ್ರೇಕಮ್ಮನಿಗೂ ಮೇಸ್ತ್ರಿಗೂ ಹತ್ತು ದಿನದ ಅಮಾನತಿನ ಆದೇಶ ಬಂತು. ಸಾರ್ವಜನಿಕರಿಗೆ ಅನನುಕೂಲ ಉಂಟುಮಾಡಿದ ಕಾರಣ. ದರ್ಜಿ ಆದೇಶವನ್ನು ಎರಡು ಸಲ ಓದಿ, ಮಿಷನ್ನಿನ ಮೇಲಿಟ್ಟ. ಬೈಯುತ್ತಾನೆಂದು ಅವಳು ಕಾದಳು.

"ಅನನುಕೂಲವಂತೆ" ಎಂದ ಅವನು. "ನಾನು ಹೊಲಿದ ಯೂನಿಫಾರಂ ಹಾಕ್ಕೊಂಡು ಎಷ್ಟು ಮಕ್ಕಳು ಆ ಪಟ್ಟೀಲಿದ್ದಾರೋ." ಆಮೇಲೆ ಕುತ್ತಿಗೆಯ ಬೀಗದ ಕೈಯನ್ನು ಮುಷ್ಟಿಯಲ್ಲಿ ಬಿಗಿಹಿಡಿದ. ಸಿಟ್ಟು ಅವನಿಗೆ ಹಾಗೆ ಬರುತ್ತಿತ್ತು.

ಹತ್ತು ದಿನವೂ ಮಧ್ಯಾಹ್ನ ಹಿಂದಿನ ಮೆಟ್ಟಿಲಿಗೆ ಹೋಗಿ ಬರುವುದು ತಪ್ಪಲಿಲ್ಲ. ಹನ್ನೊಂದನೆಯ ದಿನ ಅವಳು ಮತ್ತೆ ಸ್ಟೇರಿಂಗು ಹಿಡಿದಾಗ ಬಸ್ಸಿನ ಹಿಂದೆ ಅಂಟಿನ ಕಲೆಯಷ್ಟೇ ಉಳಿದಿತ್ತು. ಮೂರನೆಯ ನಿಲ್ದಾಣದಲ್ಲಿ ಹತ್ತಿದ ಒಬ್ಬ ಹೆಂಗಸು ಅವಳ ಪಕ್ಕ ಬಗ್ಗಿ, ಯಾರಿಗೂ ಕೇಳದ ಹಾಗೆ, "ನಮ್ಮದು ನೂರಾ ಹತ್ತು" ಎಂದು ಹೇಳಿ ಒಳಗೆ ಹೋದಳು. ಬ್ರೇಕಮ್ಮನಿಗೆ ಮೊದಲು ಅರ್ಥವಾಗಲಿಲ್ಲ. ಮಧ್ಯಾಹ್ನದ ಸುತ್ತಿನಲ್ಲಿ ಕಪ್ಪು ಚೀಲ ಹೊತ್ತ ಒಬ್ಬ ಅಜ್ಜ ಇಳಿಯುವಾಗ ಅಂದ: "ಮೊಮ್ಮಗ. ಎಂಬತ್ತೊಂದು." ಮಾರನೆಯ ದಿನ ಇಬ್ಬರು. ಅದರ ಮಾರನೆಯ ದಿನ ಐವರು. ಡಿಪೋದ ಸುದ್ದಿ ಊರಿನಲ್ಲಿ ಹರಡಿತ್ತು. ಬಾಗಿಲು ಹಾಕಿಕೊಂಡಿದ್ದ ಮನೆಗಳವರು ಬಸ್ಸಿನ ಮೆಟ್ಟಿಲ ಮೇಲೆ ನಿಂತು ತಮ್ಮ ನಂಬರು ಹೇಳಿ ಹೋಗುತ್ತಿದ್ದರು. ಹೆಸರು ಯಾರೂ ಹೇಳುತ್ತಿರಲಿಲ್ಲ, ಅವಳೂ ಕೇಳುತ್ತಿರಲಿಲ್ಲ. "ತಿಂಗಳ ಕೊನೇ ಸೋಮವಾರ ನಗರಸಭೆ ಮೀಟಿಂಗು, ಜನ ಬಂದು ಕೂರಬಹುದು, ಬನ್ನಿ" ಎಂದಷ್ಟೇ ಹೇಳುತ್ತಿದ್ದಳು.

ಮೂವತ್ತೊಂದು ಜನ ಬಂದರು. ಹಿಂದಿನ ಬೆಂಚುಗಳು ಸಾಲದೆ ಕೆಲವರು ಗೋಡೆಗೆ ಒರಗಿ ನಿಂತರು. ಹುಡುಗಿ ಬರಲಿಲ್ಲ, ಚಿಕ್ಕಪ್ಪನ ಜೊತೆ ಮನೆಯಲ್ಲಿದ್ದಳು. ಸಭೆಯಲ್ಲಿ ಚರಂಡಿ, ಬೀದಿದೀಪ, ಉದ್ಯಾನವನದ ಹೆಸರು ಬದಲಾವಣೆ ಎಲ್ಲ ಮುಗಿದ ಮೇಲೆ, ಮನೋಬಲ ಕೇಂದ್ರದ ಸಂಗತಿಯನ್ನು ಮುಂದಿನ ತಿಂಗಳಿಗೆ ಇಡಬಹುದೆಂದು ಅಧ್ಯಕ್ಷರು ಸೂಚಿಸಿದರು.

ಆಗ ಆ ನೂರಾ ಹತ್ತರ ಹೆಂಗಸು ಎದ್ದಳು. "ನೂರಾ ಹತ್ತು. ನನ್ನ ಮಗಳು. ಹನ್ನೊಂದು ತಿಂಗಳಿಂದ ಕಾಯ್ತಿದ್ದೀವಿ" ಎಂದು ಹೇಳಿ ಕೂತಳು.

ಸಾರ್ವಜನಿಕರು ಮಾತಾಡುವಂತಿಲ್ಲ ಎಂದು ಯಾರೋ ಗದರಿಸಿದರು. ಅಜ್ಜ ಎದ್ದ. "ಎಂಬತ್ತೊಂದು." ಅವನ ಹಿಂದೆ ಇನ್ನೊಬ್ಬರು. ನೂರಾ ಅರವತ್ತು. ಎಪ್ಪತ್ತೆರಡು. ಐವತ್ತು. ಯಾರೂ ಕೂಗಲಿಲ್ಲ, ಘೋಷಣೆ ಹಾಕಲಿಲ್ಲ. ಸರದಿ ತಪ್ಪಿಸದೆ ಎದ್ದು ಹೇಳಿ ಕೂತರು. ಕಾಯುವುದನ್ನು ಅವರು ಅಷ್ಟು ಚೆನ್ನಾಗಿ ಕಲಿತಿದ್ದರು. ಬ್ರೇಕಮ್ಮ ತನ್ನ ಇನ್ನೂರ ಹನ್ನೆರಡು ಹೇಳಿ ಕೂತಳು. ಕೊನೆಗೆ ಮೇಸ್ತ್ರಿ ಎದ್ದ. ಅವನು ತೊಳೆದ ಅಂಗಿ ಹಾಕಿಕೊಂಡು ಬಂದಿದ್ದ.

"ಮೂವತ್ತೆಂಟು" ಎಂದ. "ನಮಗೆ ಇನ್ನು ಬೇಕಾಗಿಲ್ಲ. ಆ ಜಾಗ ಬೇರೆಯವರಿಗೆ ಕೊಡಿ."

ಸದಸ್ಯರಲ್ಲಿ ಒಬ್ಬರು, ಇಡೀ ಸಭೆಯಲ್ಲಿ ಬಾಯಿಬಿಡದ ಒಬ್ಬ ವಯಸ್ಸಾದ ಹೆಂಗಸು, ಕೈಯೆತ್ತಿ, "ಇವತ್ತೇ ತೀರ್ಮಾನ ಆಗ್ಲಿ" ಎಂದರು.

ಆದ ತೀರ್ಮಾನ ಏನೆಂದರೆ, ಸಮಾಲೋಚಕಿ ವಾರಕ್ಕೆ ಮೂರು ದಿನ ಕೇಂದ್ರದಲ್ಲಿ, ಎರಡು ದಿನ ಆರನೇ ಕೌಂಟರಿನಲ್ಲಿ. ಇನ್ನೊಂದು ಹುದ್ದೆ ಪರಿಶೀಲನೆಯಲ್ಲಿ. ಯಾರು ಯಾವ ಸ್ಥಿತಿಯಲ್ಲಿದ್ದಾರೆ ಎಂದು ನೋಡಿ ಮೊದಲು ಕರೆಯುವುದು, ಬರೀ ನಂಬರು ನೋಡಿ ಅಲ್ಲ. ಈ ಕೊನೆಯ ಮಾತು ಸಮಾಲೋಚಕಿ ನಾಲ್ಕು ಸಲ ಬರೆದುಕೊಟ್ಟಿದ್ದ ಪತ್ರದಲ್ಲೇ ಇತ್ತು. ಓದಿದವರು ಈಗ ಸಿಕ್ಕರು.

ಹೊರಗೆ ಬಂದಾಗ ಜನ ಬ್ರೇಕಮ್ಮನ ಕೈ ಹಿಡಿದು ಗೆದ್ದೆವು ಎಂದರು. ಅವಳು ಹೂಂಗುಟ್ಟಿದಳು. ಮೇಸ್ತ್ರಿ ಗೇಟಿನ ಹತ್ತಿರ ಒಬ್ಬನೇ ಚಪ್ಪಲಿಯ ಪಟ್ಟಿ ಸರಿಮಾಡಿಕೊಳ್ಳುತ್ತಿದ್ದ. ಅವಳು ಹೋಗಿ ಪಕ್ಕದಲ್ಲಿ ನಿಂತಳು.

"ಮೂರು ದಿನ ಅಂತೆ ಅಣ್ಣ" ಎಂದಳು.

"ಹೂಂ" ಎಂದ ಅವನು. "ಒಂಬತ್ತು ತಿಂಗಳ ಹಿಂದೆ ಒಂದು ದಿನ ಕೊಟ್ಟಿದ್ರೂ ಸಾಕಿತ್ತು."

ಮುಂದಿನ ಬುಧವಾರ ವಾಚನಾಲಯದ ಮಹಡಿಯ ಬೀಗ ತೆಗೆದಿತ್ತು. ಮೆಟ್ಟಿಲ ಮೇಲೆಯೇ ಎಂಟು ಜನ ಕೂತಿದ್ದರು. ಅಧ್ಯಕ್ಷರು ಫೋಟೋ ತೆಗೆಯುವವನನ್ನು ಕರೆದುಕೊಂಡು ಬಂದು, ಪೋಷಕರ ಜೊತೆ ಒಂದು ಚಿತ್ರ ಇರಲಿ ಎಂದರು. ಎಂಟು ಜನರಲ್ಲಿ ಒಬ್ಬರೂ ಏಳಲಿಲ್ಲ. ಬ್ರೇಕಮ್ಮನಂತೂ ಅವರ ಕಡೆ ಮುಖ ತಿರುಗಿಸಲಿಲ್ಲ. ಕ್ಯಾಮೆರಾದವನು ಬೋರ್ಡಿನದೊಂದು, ಸೋಫಾದ್ದೊಂದು ತೆಗೆದುಕೊಂಡು ಹೋದ.

ರೇಡಿಯೋ ಒಳಗೆ ಹೋಗಿ ಮುಕ್ಕಾಲು ಗಂಟೆಯ ಮೇಲೆ ಹೊರಬಂದಳು. ಕಣ್ಣು ಕೆಂಪಗಿತ್ತು. ಬಸ್ಸು ನಿಲ್ದಾಣದವರೆಗೆ ಇಬ್ಬರೂ ನಡೆದರು. ಅಲ್ಲಿ ಕಲ್ಲುಬೆಂಚಿನ ಮೇಲೆ ಕೂತ ಮೇಲೆ ಹುಡುಗಿ ತಾನಾಗಿಯೇ ಬಾಯಿ ತೆರೆದಳು.

"ಆ ಮೇಸ್ತ್ರಿ ಅಂಕಲ್ ಮಗ ನಮ್ಮ ಶಾಲೇಲೇ ಓದಿದ್ದ ಚಿಕ್ಕಮ್ಮ. ನಂಗಿಂತ ಎರಡು ಕ್ಲಾಸು ಮೇಲೆ. ಚೆನ್ನಾಗಿ ಶಿಳ್ಳೆ ಹಾಕ್ತಿದ್ದ."

"ಗೊತ್ತಿರಲಿಲ್ಲ ಪುಟ್ಟ."

"ಅವನಿಗೆ ಕಾಗದ ಯಾಕೆ ಲೇಟಾಗಿ ಹೋಯ್ತು ಅಂತ ಮೇಡಂನ ಕೇಳ್ದೆ. ಅವರು ಸುಮ್ನೆ ಕೂತ್ರು. ನಂಗೆ ಎಷ್ಟು ಸಿಟ್ಟು ಬಂತು ಗೊತ್ತಾ. ಇಷ್ಟು ತಿಂಗಳು ಏನೂ ಅನ್ನಿಸ್ತಾನೇ ಇರ್ಲಿಲ್ಲ. ಅಳು ಬಂದ್ರೂ ಯಾರೋ ಬೇರೆಯವರು ಅಳ್ತಿದ್ದಾರೆ ಅನ್ನಿಸ್ತಿತ್ತು. ಈ ಸಿಟ್ಟು ನಂದೇ."

ಬ್ರೇಕಮ್ಮ ಅವಳ ಕೈಯನ್ನು ತನ್ನ ಕೈಯೊಳಗೆ ತೆಗೆದುಕೊಂಡಳು. ಆ ಕೈ ಬೆಚ್ಚಗಿತ್ತು.

"ಮುಂದಿನ ಮೀಟಿಂಗು ಯಾವಾಗ?" ಹುಡುಗಿ ಕೇಳಿದಳು.

"ಕೊನೇ ಸೋಮವಾರ. ಆ ನಾಯಿ ಕೌಂಟರಿನ ಎರಡು ದಿನಾನೂ ಕೇಳಬೇಕು. ಆ ಇನ್ನೊಂದು ಹುದ್ದೇನೂ ಕೇಳಬೇಕು."

"ನಾನೂ ಬರ್ತೀನಿ."

"ಅಲ್ಲಿ ಮಾತಾಡಬಾರದು ಅಂತಾರೆ."

"ಅನ್ನಲಿ" ಎಂದಳು ರೇಡಿಯೋ. ಬಸ್ಸು ಬರುವವರೆಗೂ, ಮತ್ತೆ ಬಸ್ಸಿನಲ್ಲಿ ಮನೆಯವರೆಗೂ, ಅಲ್ಲಿ ಏನೇನು ಕೇಳಬೇಕು, ಯಾರನ್ನು ಕೇಳಬೇಕು ಎಂದು ಒಂದೇ ಸಮನೆ ಹೇಳುತ್ತಲೇ ಇದ್ದಳು.